ಊರಿಗೆ ನೀರು, ನೆರೆಯ ಬಾವಿಗೆ ನಷ್ಟ: ವೆಚ್ಚ ಯಾರ ಖಾತೆಗೆ?

ನಮ್ಮ ಕಾರ್ಖಾನೆಗೆ ಅಥವಾ ಮಳಿಗೆಗೆ ನಲ್ಲಿಯ ಮೂಲಕ ಬರುವ ನೀರಿಗೆ ಪ್ರತಿ ತಿಂಗಳು ಶುಲ್ಕ ಪಾವತಿಸುತ್ತೇವೆ. ಪಂಪಿನ ವಿದ್ಯುತ್ತು, ಕೊಳವೆ ಮಾರ್ಗದ ನಿರ್ವಹಣೆ, ಸಿಬ್ಬಂದಿಯ ವೇತನ ಮೊದಲಾದವುಗಳನ್ನು ಭರಿಸಲು ಆ ಶುಲ್ಕವನ್ನು ವಿಧಿಸಲಾಗುತ್ತದೆ. ಆದರೆ ಆ ನೀರನ್ನು ಕೊಳವೆ ಬಾವಿಗಳಿಂದ ಎತ್ತಿದ್ದಾದರೆ, ಪಕ್ಕದ ಹೊಲದ ಬಾವಿಯಲ್ಲಿ ನೀರಿನ ಮಟ್ಟ ಇಳಿದುದರ ವೆಚ್ಚ ಯಾವ ಬಿಲ್ಲಿನಲ್ಲಿಯೂ ಕಾಣಿಸುವುದಿಲ್ಲ. ಕಾಣಿಸದ ಮಾತ್ರಕ್ಕೆ ವೆಚ್ಚವಿಲ್ಲವೆಂದಲ್ಲ. ಅದು ಬೇರೊಬ್ಬರ ಖಾತೆಗೆ ಬಿದ್ದಿದೆ ಎಂದಷ್ಟೇ ಅರ್ಥ. ಈ ವಿಷಯವನ್ನು ಲೆಕ್ಕ ಮತ್ತು ಕಾನೂನು ಎಂಬ ಎರಡು ದೃಷ್ಟಿಗಳಿಂದ ಇಲ್ಲಿ ವಿವೇಚಿಸಲಾಗಿದೆ.

ಬಾವಿಯ ಸುತ್ತ ನಡೆಯುವುದೇನು?

ಬಾವಿಯಿಂದ ನೀರೆತ್ತಿದಾಗ ಸುತ್ತಲಿನ ಅಂತರ್ಜಲವು ಬಾವಿಯ ಕಡೆಗೆ ಹರಿದು ಬರುತ್ತದೆ. ಇದರಿಂದ ನೀರಿನ ಮಟ್ಟವು ಆಲಿಕೆಯ ಆಕಾರದಲ್ಲಿ, ಬಾವಿಯ ಬಳಿ ಹೆಚ್ಚಾಗಿಯೂ ದೂರ ಹೋದಂತೆ ಕಡಿಮೆಯಾಗಿಯೂ ಕುಸಿಯುತ್ತದೆ. ರೈತನು ದಿನದಲ್ಲಿ ಕೆಲವು ಗಂಟೆ ಮಾತ್ರ ಪಂಪು ನಡೆಸುವುದರಿಂದ ಉಳಿದ ಸಮಯದಲ್ಲಿ ಮಟ್ಟ ಚೇತರಿಸಿಕೊಳ್ಳುತ್ತದೆ. ಊರಿಗೆ ನೀರೊದಗಿಸುವ ಬಾವಿಗಳಾದರೋ ಗುಂಪಾಗಿದ್ದು, ದೊಡ್ಡ ಪಂಪುಗಳಿಂದ ಹಗಲಿರುಳು ನಡೆಯುವುದುಂಟು. ಆಗ ಆಲಿಕೆಗಳು ಒಂದರೊಡನೊಂದು ಕೂಡಿಕೊಂಡು ನೆರೆಹೊರೆಯ ಹೊಲಗಳ ಕೆಳಕ್ಕೂ ಹಬ್ಬುತ್ತವೆ. ಕರ್ನಾಟಕದ ಬಹುಭಾಗದಲ್ಲಿರುವಂತಹ ಗಟ್ಟಿ ಶಿಲೆಯ ನೆಲದಲ್ಲಿ ನೀರು ಬಿರುಕುಗಳ ಮೂಲಕ ಹರಿಯುವುದರಿಂದ, ಹತ್ತಿರದ ಬಾವಿಗೆ ತಟ್ಟದ ಪರಿಣಾಮ ದೂರದ ಬಾವಿಗೆ ತಟ್ಟುವುದೂ ಉಂಟು.

ನಷ್ಟದ ಲೆಕ್ಕ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ರೈತನೊಬ್ಬನು ದಿನಕ್ಕೆ 1 ಲಕ್ಷ ಲೀಟರ್ ನೀರೆತ್ತುತ್ತಾನೆಂದೂ, ನೆರೆಯ ಪಂಪುಗಳಿಂದಾಗಿ ಅವನ ಬಾವಿಯಲ್ಲಿ ಮಟ್ಟ 30 ಮೀಟರ್ ಇಳಿಯಿತೆಂದೂ ಭಾವಿಸೋಣ. ಅಷ್ಟು ನೀರನ್ನು ಹೆಚ್ಚುವರಿ 30 ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರವೇ ಸುಮಾರು 8 ಯೂನಿಟ್ ವಿದ್ಯುತ್ ಬೇಕು. ಪಂಪಿನ ದಕ್ಷತೆ ಶೇಕಡಾ 40 ಎಂದಿಟ್ಟುಕೊಂಡರೆ ಅದು ಸುಮಾರು 20 ಯೂನಿಟ್ ಆಗುತ್ತದೆ. 120 ದಿನಗಳ ಬೆಳೆಗೆ ಇದು 2,400 ಯೂನಿಟ್ ದಾಟುತ್ತದೆ.

ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ ರೈತನಿಗೆ ನಷ್ಟವಿಲ್ಲವೆಂದು ಕೆಲವರು ವಾದಿಸಬಹುದು. ಆದರೆ ಆ ಯೂನಿಟ್ಟುಗಳ ಬೆಲೆ ಸರ್ಕಾರದ ಸಹಾಯಧನದ ಖಾತೆಗೆ, ಅಂದರೆ ತೆರಿಗೆದಾರರ ಖಾತೆಗೆ ಬೀಳುತ್ತದೆ. ಬಾವಿಯನ್ನು ಆಳಗೊಳಿಸುವುದು, ಹೊಸ ಪಂಪು, ಹೆಚ್ಚುವರಿ ಕೊಳವೆ, ನೀರು ಸಾಲದೆ ಒಣಗಿದ ಬೆಳೆ ಇವೆಲ್ಲವೂ ರೈತನ ಖಾತೆಗೇ ಸೇರುತ್ತವೆ. ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಎಂಬ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯದು.

ಎರಡು ತೀರ್ಪುಗಳು

ಈ ನಷ್ಟವನ್ನು ಯಾರು ಭರಿಸಬೇಕೆಂಬ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನ ಕ್ರಾಯ್ಡನ್ ಪಟ್ಟಣದ ಆರೋಗ್ಯ ಮಂಡಳಿಯು ಜನರಿಗೆ ನೀರೊದಗಿಸಲು ಬಾವಿ ತೋಡಿ ಹಬೆಯಂತ್ರದಿಂದ ನೀರೆತ್ತತೊಡಗಿತು. ವಾಂಡಲ್ ನದಿಗೆ ಸೇರಬೇಕಾಗಿದ್ದ ಅಂತರ್ಜಲ ಇದರಿಂದ ಕಡಿಮೆಯಾಯಿತು. 60 ವರ್ಷಗಳಿಗೂ ಮೇಲ್ಪಟ್ಟು ಆ ನದಿಯ ನೀರಿನಿಂದ ನಡೆಯುತ್ತಿದ್ದ ಗಿರಣಿಯ ಮಾಲೀಕನು ನ್ಯಾಯಾಲಯದ ಮೊರೆಹೊಕ್ಕನು. ಚೇಸ್‌ಮೋರ್ ವಿರುದ್ಧ ರಿಚರ್ಡ್ಸ್ ಎಂಬ ಈ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ 1859ರಲ್ಲಿ ಗಿರಣಿಯ ಮಾಲೀಕನ ವಿರುದ್ಧ ತೀರ್ಪಿತ್ತಿತು. ಗೊತ್ತಾದ ಕಾಲುವೆಯಿಲ್ಲದೆ ನೆಲದೊಳಗೆ ಜಿನುಗುವ ನೀರಿನ ಮೇಲೆ ಅವನಿಗೆ ಹಕ್ಕಿಲ್ಲ ಎಂಬುದು ಆ ತೀರ್ಪಿನ ಸಾರ.

ನಾಲ್ಕು ದಶಕಗಳ ನಂತರ ಅಮೆರಿಕದಲ್ಲಿ ಇದಕ್ಕೆ ವಿರುದ್ಧವಾದ ಉತ್ತರ ಬಂದಿತು. ಬ್ರೂಕ್ಲಿನ್ನಿಗೆ ನೀರೊದಗಿಸುವ ಪಂಪಿಂಗ್ ಕೇಂದ್ರವೊಂದರಿಂದಾಗಿ, ಸೆಲೆರಿ ಮತ್ತು ವಾಟರ್‌ಕ್ರೆಸ್ ಎಂಬ ಸೊಪ್ಪುಗಳನ್ನು ಬೆಳೆಯುತ್ತಿದ್ದ ಕೃಷಿಕನ ಜಮೀನು ಒಣಗಿತು. ಫೋರ್ಬೆಲ್ ವಿರುದ್ಧ ನ್ಯೂಯಾರ್ಕ್ ನಗರ ಎಂಬ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯವು 1900ರಲ್ಲಿ ಕೃಷಿಕನ ಪರವಾಗಿ ತೀರ್ಪಿತ್ತಿತು. ತನ್ನ ಜಮೀನಿನ ಉಪಯೋಗಕ್ಕೆ ನೀರೆತ್ತುವುದು ಬೇರೆ. ನೆರೆಯವರ ನೆಲದಡಿಯ ನೀರನ್ನೂ ಸೆಳೆದು ದೂರಕ್ಕೆ ಸಾಗಿಸಿ ಮಾರುವುದು ಬೇರೆ ಎಂಬ ಭೇದವನ್ನು ಅದು ಗುರುತಿಸಿತು. ನೀರು ಸರಕಾದ ಮೇಲೆ ಅದರ ಪೂರ್ಣ ವೆಚ್ಚವನ್ನು ಮಾರುವವನೇ ಭರಿಸಬೇಕೆಂಬ ಈ ತತ್ತ್ವ ವರ್ತಕರಾದ ನಮಗೆ ಅಪರಿಚಿತವೇನಲ್ಲ.

ನಮ್ಮ ಕಾನೂನಿನ ಸ್ಥಿತಿ

1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಇಂಗ್ಲೆಂಡಿನ ದಾರಿಯನ್ನೇ ಹಿಡಿದಿದೆ. ಗೊತ್ತಾದ ಕಾಲುವೆಯಲ್ಲಿ ಹರಿಯದ ಅಂತರ್ಜಲವನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿ ವಿನಿಯೋಗಿಸುವ ಹಕ್ಕು ಭೂಮಾಲೀಕನದೆಂದು ಅದರ 7ನೇ ಪ್ರಕರಣದ ದೃಷ್ಟಾಂತ ಹೇಳುತ್ತದೆ. ಎಷ್ಟೇ ವರ್ಷ ಬಳಸಿದರೂ ಇಂತಹ ನೀರಿನ ಮೇಲೆ ಅನುಭೋಗದ ಹಕ್ಕು ಬರುವುದಿಲ್ಲವೆಂದು 17ನೇ ಪ್ರಕರಣ ಸ್ಪಷ್ಟಪಡಿಸುತ್ತದೆ.

ಕರ್ನಾಟಕದಲ್ಲಿ 1999ರಲ್ಲಿ ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ ಅಂತರ್ಜಲ ಕಾಯ್ದೆ ಬಂದಿತು. ಅದರಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಖಾಸಗಿ ಬಾವಿಯಿಂದ ಸಾರ್ವಜನಿಕ ಬಾವಿಯನ್ನು ರಕ್ಷಿಸುವುದು ಈ ನಿಯಮದ ಉದ್ದೇಶವೇ ಹೊರತು, ಸಾರ್ವಜನಿಕ ಬಾವಿಯಿಂದ ರೈತನ ಬಾವಿಯನ್ನು ರಕ್ಷಿಸುವುದಲ್ಲ. ಕುಡಿಯುವ ನೀರಿಗೆ ಮೊದಲ ಆದ್ಯತೆ ಇರಲೇಬೇಕು, ಅದು ನಿರ್ವಿವಾದ. ಆದರೆ ಆದ್ಯತೆ ಎಂದರೆ ಬೆಲೆ ಕೊಡದೆ ಪಡೆಯುವ ವಿನಾಯಿತಿಯಲ್ಲ. ರಸ್ತೆ ಅಗಲಗೊಳಿಸಲು ಜಮೀನು ಪಡೆದಾಗ ಪರಿಹಾರ ಕೊಡುವ ವ್ಯವಸ್ಥೆಯೇ ಬಾವಿ ಬತ್ತಿದಾಗ ಮೌನವಹಿಸುವುದು ನ್ಯಾಯವೆನಿಸುವುದಿಲ್ಲ.

ಚೆನ್ನೈ ಕಲಿಸುವ ಪಾಠ

ಚೆನ್ನೈ ನಗರದ ಉತ್ತರಕ್ಕೆ, ಕೊಸಸ್ತಲೈಯಾರ್ ಮತ್ತು ಆರಣಿಯಾರ್ ನದಿಗಳ ಬಯಲಿನಲ್ಲಿ ಮಿಂಜೂರು, ಪಂಜೆಟ್ಟಿ, ತಾಮರೈಪಾಕ್ಕಂ ಮೊದಲಾದ ಕಡೆ ನಗರದ ಉಪಯೋಗಕ್ಕೆ ಬಾವಿಗಳ ಸಮೂಹಗಳಿವೆ. ಈ ಬಾವಿಗಳಿಂದಲೂ ಸುತ್ತಲಿನ ಕೃಷಿ ಬಾವಿಗಳಿಂದಲೂ ಅತಿಯಾಗಿ ನೀರೆತ್ತಿದ ಪರಿಣಾಮವಾಗಿ ಮಿಂಜೂರಿನ ಭಾಗದಲ್ಲಿ ಸಮುದ್ರದ ಉಪ್ಪುನೀರು ಒಳನಾಡಿನೆಡೆಗೆ ನುಗ್ಗಿತು. ಉಪ್ಪಾದ ಬಾವಿಯನ್ನು ಮತ್ತೆ ಸಿಹಿಗೊಳಿಸುವುದು ಬತ್ತಿದ ಬಾವಿಯನ್ನು ತುಂಬಿಸುವುದಕ್ಕಿಂತ ಕಷ್ಟ. ಬರದ ವರ್ಷಗಳಲ್ಲಿ ನೀರು ಸರಬರಾಜು ಮಂಡಳಿಯು ರೈತರ ಬಾವಿಗಳಿಂದ ಹಣ ಕೊಟ್ಟು ನೀರು ಕೊಂಡದ್ದೂ ಉಂಟು. ಇಲ್ಲೊಂದು ಸೂಕ್ಷ್ಮವಿದೆ. ನೀರು ಮಾರಿದ ರೈತನಿಗೆ ಹಣ ಬಂದಿತು. ಮಾರದೆ ಬೆಳೆ ಇಟ್ಟ ಪಕ್ಕದ ರೈತನಿಗೆ ಮಟ್ಟದ ಕುಸಿತ ಮಾತ್ರ ಬಂದಿತು. ಬೆಲೆ ಕೊಟ್ಟರೆ ಸಾಲದು, ನಷ್ಟ ಅನುಭವಿಸಿದವನಿಗೆ ಅದು ತಲುಪಬೇಕು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಪುರಾವೆ: ವ್ಯವಹಾರದಲ್ಲಿ ಪುಸ್ತಕವಿಲ್ಲದ ಹಕ್ಕು ನಿಲ್ಲದು. ಸ್ವಂತ ಬಾವಿಯಿರುವವರು ಪಂಪು ಚಾಲೂ ಮಾಡುವ ಮುನ್ನ ಬೆಳಗಿನ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆಯಾದರೂ ಅಳೆದು, ದಿನಾಂಕ ಮತ್ತು ಮಳೆಯ ವಿವರದೊಡನೆ ದಾಖಲಿಸಬೇಕು. ಹೊಸ ಸಾರ್ವಜನಿಕ ಬಾವಿ ಚಾಲನೆಗೊಳ್ಳುವ ಮೊದಲಿನ ಅಳತೆ ಇಲ್ಲದಿದ್ದರೆ ನಂತರದ ಕುಸಿತವನ್ನು ಬರಗಾಲದ ಮೇಲೆ ಹೊರಿಸುವುದು ಸುಲಭ.

2. ಚೇತರಿಕೆಯ ಪರೀಕ್ಷೆ: ನೆರೆಯ ಪಂಪುಗಳು ದುರಸ್ತಿಗಾಗಿ ನಿಂತ ದಿನಗಳಲ್ಲಿ ನಿಮ್ಮ ಬಾವಿಯ ಮಟ್ಟ ಏರಿ, ಅವು ಮತ್ತೆ ನಡೆದಾಗ ಇಳಿದರೆ, ಅದು ಬಲವಾದ ಸಾಕ್ಷ್ಯ.

3. ನಮ್ಮ ಹೊಣೆ: ಕಾರ್ಖಾನೆಯ ಕೊಳವೆ ಬಾವಿಯೂ ಪಕ್ಕದ ಹೊಲಕ್ಕೆ ನೆರೆಯ ಪಂಪೇ. ಅಧಿಸೂಚಿತ ಪ್ರದೇಶಗಳಲ್ಲಿ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಅನುಮತಿ ಮತ್ತು ನೋಂದಣಿ ಅಗತ್ಯ. ನೆರೆಯವರು ಹೂಡಿದ ದಾವೆ ಬಾಕಿಯಿದ್ದರೆ, ಲೆಕ್ಕಪತ್ರ ಮಾನಕ 29ರ ಅನ್ವಯ ಅದಕ್ಕೆ ಅವಕಾಶ ಕಲ್ಪಿಸಬೇಕೇ ಅಥವಾ ಸಂಭಾವ್ಯ ಹೊಣೆಯೆಂದು ತೋರಿಸಬೇಕೇ ಎಂಬುದನ್ನು ಲೆಕ್ಕ ಪರಿಶೋಧಕರೊಡನೆ ಚರ್ಚಿಸಬೇಕು.

4. ಬೇಡಿಕೆ: ಹೊಸ ನೀರಿನ ಯೋಜನೆಗಳ ವೆಚ್ಚಪಟ್ಟಿಯಲ್ಲಿ ನೆರೆಯ ಬಾವಿಗಳ ಪೂರ್ವ ಸಮೀಕ್ಷೆಗೂ ಪರಿಹಾರಕ್ಕೂ ಪ್ರತ್ಯೇಕ ಬಾಬ್ತು ಇರಬೇಕೆಂದು ವಾಣಿಜ್ಯ ಸಂಘಗಳು ಸ್ಥಳೀಯ ಸಂಸ್ಥೆಗಳನ್ನು ಒತ್ತಾಯಿಸಬೇಕು.

ಇದರಿಂದ ನೀರಿನ ದರ ಸ್ವಲ್ಪ ಏರಬಹುದು. ಆದರೆ ಸುತ್ತಲಿನ ಹಳ್ಳಿಗಳ ರೈತರೇ ನಮ್ಮ ಗಿರಾಕಿಗಳು, ನಮ್ಮ ಗಿರಣಿಗಳಿಗೆ ಕಚ್ಚಾ ಮಾಲು ತರುವವರು. ಅವರ ಬಾವಿ ಬತ್ತಿದ ವರ್ಷ ನಮ್ಮ ಮಾರಾಟದ ಖಾತೆಯಲ್ಲಿಯೂ ಅದು ಕಾಣಿಸಿಕೊಳ್ಳದೆ ಇರದು.