ಜಾತ್ರೆಯ ಬಯಲು ಸಂಗೀತ ಕಾರ್ಯಕ್ರಮಗಳು: ಸಾರ್ವಜನಿಕರ ಆರೋಗ್ಯ ಮತ್ತು ಗ್ರಾಮ ಪಂಚಾಯಿತಿಯ ಪೂರ್ವಸಿದ್ಧತೆ



ಸಂಕ್ರಾಂತಿ ಕಳೆದು ಸುಗ್ಗಿಯ ಕೆಲಸ ಮುಗಿಯುತ್ತಿದ್ದಂತೆ ನಮ್ಮ ಗ್ರಾಮಗಳಲ್ಲಿ ಜಾತ್ರೆ, ರಥೋತ್ಸವಗಳು ಆರಂಭವಾಗುತ್ತವೆ. ತೇರು ಎಳೆದ ಸಂಜೆ ಬಯಲಿನಲ್ಲಿ ರಸಮಂಜರಿ, ಜಾನಪದ ಗಾಯನ, ಭಜನಾ ಮೇಳಗಳು ನಡೆಯುವುದು ವಾಡಿಕೆ. ಇವುಗಳ ವೇದಿಕೆ, ವಿದ್ಯುತ್ ಸಂಪರ್ಕ, ಬಂದೋಬಸ್ತುಗಳ ಬಗ್ಗೆ ಸಾಮಾನ್ಯ ಸಭೆಯಲ್ಲಿ ದೀರ್ಘ ಚರ್ಚೆಯಾಗುತ್ತದೆ. ಬಂದ ಜನರ ಆರೋಗ್ಯದ ವಿಷಯವಾದರೋ "ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇಡಲು ತೀರ್ಮಾನಿಸಲಾಯಿತು" ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಆ ಒಂದು ಸಾಲು ಸಾಲದೆಂಬುದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಹಿಂದೆ ಕಾರ್ಯನಿರ್ವಹಿಸುತ್ತಿದ್ದ ಪಂಚಾಯಿತಿಯೊಂದರಲ್ಲಿ ಜಾತ್ರೆಯ ರಾತ್ರಿ ಒಬ್ಬ ಬಾಲಕಿ ತಲೆಸುತ್ತಿ ಬಿದ್ದಳು. ಹೊಸ ಪೆಟ್ಟಿಗೆಯನ್ನು ಹಿಂದಿನ ದಿನವಷ್ಟೇ ಖರೀದಿಸಿದ್ದೆವು. ಅದು ಕಚೇರಿಯ ಕಪಾಟಿನಲ್ಲಿತ್ತು, ಕಪಾಟಿನ ಬೀಗದ ಕೈ ಊಟಕ್ಕೆ ಹೋಗಿದ್ದ ಸಿಬ್ಬಂದಿಯ ಜೇಬಿನಲ್ಲಿತ್ತು. ಸುತ್ತ ನೂರು ಜನ ಗುಂಪುಗೂಡಿ ಗಾಳಿಯನ್ನೂ ತಡೆದಿದ್ದರು. ಬಾಲಕಿ ಕೆಲವೇ ನಿಮಿಷಗಳಲ್ಲಿ ಚೇತರಿಸಿಕೊಂಡಳು. ಅದು ನಮ್ಮ ಸಿದ್ಧತೆಯಿಂದಾದುದಲ್ಲ. ಪೆಟ್ಟಿಗೆಗಿಂತ ಮೊದಲು ಬೇಕಾದುದು ಅದರ ಬಳಿ ಕುಳಿತಿರುವ ವ್ಯಕ್ತಿ ಎಂಬುದೇ ಈ ಲೇಖನದ ಮುಖ್ಯ ವಿಷಯ.

ನೀರು

ಜಾತ್ರೆಯ ನಂತರ ಕಾಣುವ ವಾಂತಿಭೇದಿಗೆ ತಿಂಡಿಯ ಅಂಗಡಿಗಳನ್ನು ದೂರುವುದು ಸುಲಭ. ಆದರೆ ಯುವಕ ಸಂಘದವರು ಭಕ್ತಿಯಿಂದ ಹಂಚುವ ಪಾನಕ ಮತ್ತು ನೀರುಮಜ್ಜಿಗೆಗೆ ಬಳಸಿದ ನೀರು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ಅದು ಟ್ಯಾಂಕರ್ ನೀರು. ಅದಕ್ಕೆ ಬೀಳುವ ಮಂಜುಗಡ್ಡೆ ಕುಡಿಯುವ ನೀರಿನಿಂದಲೇ ತಯಾರಾಗಿರುತ್ತದೆಂಬ ಖಾತರಿಯೂ ಇರುವುದಿಲ್ಲ. ಆದ್ದರಿಂದ ಟ್ಯಾಂಕರ್ ಮತ್ತು ತಾತ್ಕಾಲಿಕ ಸಿಂಟೆಕ್ಸ್ ತೊಟ್ಟಿಗಳೆಲ್ಲಕ್ಕೂ ಕ್ಲೋರಿನೀಕರಣ ಆಗಲೇಬೇಕು.

ಲೆಕ್ಕ ಸರಳವಾಗಿದೆ. ಉತ್ತಮ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಶೇ. 33ರಷ್ಟು ಕ್ಲೋರಿನ್ ಇರುತ್ತದೆ. ಸಾವಿರ ಲೀಟರ್ ತಿಳಿ ನೀರಿಗೆ 2.5 ಗ್ರಾಂ ಪುಡಿ ಹಾಕಿದರೆ ಲೀಟರಿಗೆ ಸುಮಾರು 0.8 ಮಿಲಿಗ್ರಾಂ ಕ್ಲೋರಿನ್ ದೊರೆಯುತ್ತದೆ. ಪುಡಿಯನ್ನು ನೇರವಾಗಿ ತೊಟ್ಟಿಗೆ ಸುರಿಯದೆ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸೇರಿಸಬೇಕು. ಕನಿಷ್ಠ ಅರ್ಧ ಗಂಟೆಯ ನಂತರ ನಲ್ಲಿಯಲ್ಲಿ ಪರೀಕ್ಷಿಸಿದಾಗ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇರಬಾರದು. ಬಾಯಿ ತೆರೆದ ಚೀಲದಲ್ಲಿ ವರ್ಷಗಟ್ಟಲೆ ಬಿದ್ದಿರುವ ಪುಡಿಯಲ್ಲಿ ಕ್ಲೋರಿನ್ ಬಹುಪಾಲು ಹಾರಿಹೋಗಿರುತ್ತದೆ. ಅಂತಹುದನ್ನು ತೂಗಿ ಹಾಕಿದರೂ ಪ್ರಯೋಜನವಿಲ್ಲ. ನೀರುಗಂಟಿಗಳಿಗೆ ಈ ವಿಷಯ ಚೆನ್ನಾಗಿ ಗೊತ್ತಿದೆ. ಹೊಸ ಪುಡಿ ತರಿಸಿಕೊಡಬೇಕಾದವರು ನಾವು.

ತಲೆಸುತ್ತು ಮತ್ತು ಬಿಸಿಲಿನ ಬಾಧೆ

ಹಗಲಿಡೀ ಉಪವಾಸವಿದ್ದು, ಬರಿಗಾಲಿನಲ್ಲಿ ತೇರು ಎಳೆದು, ಸಂಜೆ ಗುಂಪಿನಲ್ಲಿ ನಿಂತವರಿಗೆ ತಲೆಸುತ್ತು ಬರುವುದು ಸಹಜ. ಅಂತಹವರನ್ನು ಗಾಳಿಯಾಡುವ ಕಡೆ ಅಂಗಾತ ಮಲಗಿಸಿ ಕಾಲುಗಳನ್ನು ತುಸು ಎತ್ತರಿಸಬೇಕು. ಬಿಗಿಯಾದ ಉಡುಪನ್ನು ಸಡಿಲಿಸಬೇಕು. ಪೂರ್ಣ ಎಚ್ಚರವಾದ ಮೇಲೆ ಮಾತ್ರ ನೀರು ಅಥವಾ ಓಆರ್‌ಎಸ್ ಕೊಡಬೇಕು. ಓಆರ್‌ಎಸ್ ಪೊಟ್ಟಣ ಒಂದು ಲೀಟರ್ ಅಳತೆಯದಾದರೆ ಪೂರ್ತಿ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೇ ಬೆರೆಸಬೇಕು. ಲೋಟಕ್ಕೊಂದು ಚಿಟಿಕೆ ಹಾಕಿ ಕೊಡುವುದು ತಪ್ಪು. ಪೊಟ್ಟಣ ಇಲ್ಲದಿದ್ದಲ್ಲಿ ಒಂದು ಲೀಟರ್ ನೀರಿಗೆ ಚಹಾ ಚಮಚದಿಂದ ಸಮತಟ್ಟಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬಹುದು.

ಮೈ ಕೆಂಡದಂತೆ ಸುಡುತ್ತಿದ್ದು, ವ್ಯಕ್ತಿ ತೊದಲುತ್ತಿದ್ದರೆ ಅಥವಾ ಅಸಂಬದ್ಧವಾಗಿ ಮಾತನಾಡುತ್ತಿದ್ದರೆ ಅದು ತಲೆಸುತ್ತಲ್ಲ, ಉಷ್ಣಾಘಾತ. "ಕುಡಿದಿದ್ದಾನೆ ಬಿಡಿ" ಎಂದು ಜನ ಪಕ್ಕಕ್ಕೆ ಸರಿಸುವುದು ಇಂತಹವರನ್ನೇ. ಕೂಡಲೇ 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೆ ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಒದ್ದೆ ಬಟ್ಟೆಯಿಟ್ಟು ಗಾಳಿ ಬೀಸುತ್ತಿರಬೇಕು. ಬಾಯಿಗೆ ಏನನ್ನೂ ಹಾಕಬಾರದು.

ಧ್ವನಿವರ್ಧಕ

ಈ ವಿಷಯ ಕೆಲವು ಸದಸ್ಯರಿಗೆ ರುಚಿಸದಿರಬಹುದು. ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ತೆರೆದ ಸ್ಥಳದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಉತ್ಸವಗಳ ಸಂದರ್ಭದಲ್ಲಿ, ವರ್ಷಕ್ಕೆ 15 ದಿನ ಮೀರದಂತೆ, ರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ನೀಡಬಹುದು. ನಿಯಮದ ಮಾತು ಹಾಗಿರಲಿ, ಕಿವಿಯ ಮಾತನ್ನು ಹೇಳುತ್ತೇನೆ. 85 ಡೆಸಿಬಲ್ ಶಬ್ದವನ್ನು ಕಿವಿ 8 ಗಂಟೆ ತಾಳಬಹುದೆಂದು ಇಟ್ಟುಕೊಂಡರೆ, ಪ್ರತಿ 3 ಡೆಸಿಬಲ್ ಹೆಚ್ಚಳಕ್ಕೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ನಲ್ಲಿ ಉಳಿಯುವುದು 15 ನಿಮಿಷ ಮಾತ್ರ. ನಮ್ಮಲ್ಲಿ ವೇದಿಕೆಯ ಮುಂದೆ, ಸ್ಪೀಕರ್ ಪೆಟ್ಟಿಗೆಗಳಿಗೆ ಆತುಕೊಂಡಂತೆ ಕೂರುವವರು ಮಕ್ಕಳೇ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಶಬ್ದ ಸುಮಾರು 6 ಡೆಸಿಬಲ್ ತಗ್ಗುತ್ತದೆ. ಎರಡು ಮೀಟರ್ ದೂರದಲ್ಲಿದ್ದ ಮಗುವನ್ನು ಎಂಟು ಮೀಟರ್ ದೂರಕ್ಕೆ ಕೂರಿಸಿದರೆ 12 ಡೆಸಿಬಲ್ ಕಡಿಮೆಯಾಗುತ್ತದೆ. ಇದಕ್ಕೆ ತಗಲುವ ವೆಚ್ಚ ನಾಲ್ಕು ಗೂಟ, ಒಂದು ಹಗ್ಗ. ಕಿವಿಯಲ್ಲಿ ಗುಂಯ್ಗುಡುವಿಕೆ ಮರುದಿನವೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕೇ ಹೊರತು ಎಣ್ಣೆ ಬಿಡಬಾರದು.

ಇತರೆ

ತರಚು ಗಾಯವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ ತೊಳೆದು ಪಟ್ಟಿ ಕಟ್ಟಿದರೆ ಸಾಕು; ಕಾಫಿಪುಡಿ, ಅರಿಶಿನ ಮೆತ್ತುವುದು ಬೇಡ. ಉಬ್ಬಸವಿರುವವರು ಧೂಳಿನಿಂದ ದೂರ ಕುಳಿತು ತಮ್ಮ ಇನ್‌ಹೇಲರ್ ಜೊತೆಯಲ್ಲಿಟ್ಟುಕೊಳ್ಳಲಿ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕುವುದರಿಂದ ಯಾವ ಲಾಭವೂ ಇಲ್ಲ. ಪಕ್ಕಕ್ಕೆ ಮಗ್ಗುಲಾಗಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಐದು ನಿಮಿಷ ಮೀರಿದರೆ 108. ಗದ್ದೆಯ ಬದುವಿನಲ್ಲಿ ಹಿಂತಿರುಗುವಾಗ ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಎರಡೂ ಬೇಡ. ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಸಾಗಿಸಬೇಕು.

ಸಭೆಯಲ್ಲಿ ತೀರ್ಮಾನಿಸಬೇಕಾದುದು

ಜಾತ್ರೆಗೆ ಕನಿಷ್ಠ ಒಂದು ವಾರ ಮುಂಚಿತವಾಗಿ ನಡಾವಳಿಯಲ್ಲಿ ಹೆಸರುಗಳು ದಾಖಲಾಗಬೇಕು: ಪ್ರಥಮ ಚಿಕಿತ್ಸೆಯ ಮೇಜಿನಲ್ಲಿ ಯಾವ ಸಮಯಕ್ಕೆ ಯಾರು ಕುಳಿತಿರುತ್ತಾರೆ, 108ಕ್ಕೆ ಕರೆ ಮಾಡುವವರು ಯಾರು, ಆಂಬುಲೆನ್ಸ್ ಬರುವ ದಾರಿಯಲ್ಲಿ ಅಂಗಡಿ ಹಾಕದಂತೆ ನೋಡಿಕೊಳ್ಳುವ ಸದಸ್ಯರು ಯಾರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಪತ್ರ ಬರೆದು ಆರೋಗ್ಯ ಸಿಬ್ಬಂದಿಯನ್ನು ಕೋರಬೇಕು. ಆಶಾ ಕಾರ್ಯಕರ್ತೆಯೊಬ್ಬರನ್ನೇ ರಾತ್ರಿಯಿಡೀ ಕೂರಿಸುವುದು ನ್ಯಾಯವಲ್ಲ. ಪಾಳಿಯ ಮೇಲೆ ಇಬ್ಬರು ಸ್ವಯಂಸೇವಕರು ಜೊತೆಗಿರಲಿ. ಮಾತ್ರೆಗಳನ್ನು ಆರೋಗ್ಯ ಸಿಬ್ಬಂದಿಯೇ ಕೊಡಬೇಕು, ಸ್ವಯಂಸೇವಕರಲ್ಲ. ಮೇಜು ವೇದಿಕೆಯ ಹಿಂದೆ ಅಡಗಿರದೆ ದೀಪದ ಕೆಳಗೆ, ನೀರಿನ ತೊಟ್ಟಿಯ ಸಮೀಪದಲ್ಲಿರಲಿ. ಅದು ಎಲ್ಲಿದೆಯೆಂದು ಗಂಟೆಗೊಮ್ಮೆ ಧ್ವನಿವರ್ಧಕದಲ್ಲಿಯೇ ಹೇಳಿಸಿ.

ಜಾತ್ರೆ ಮುಗಿದ ನಂತರದ ಮೂರು ದಿನ ವಾಂತಿಭೇದಿಯ ಪ್ರಕರಣಗಳ ಬಗ್ಗೆ ಆಶಾ ಕಾರ್ಯಕರ್ತೆಯರಿಂದ ಪ್ರತಿದಿನ ಮಾಹಿತಿ ಪಡೆಯಬೇಕು. ಒಂದೇ ಬೀದಿಯಲ್ಲಿ ಎರಡು, ಮೂರು ಮನೆಗಳಿಂದ ವರದಿ ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಭಾಗದ ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು.