ಕೈಗಾರಿಕಾ ನಕ್ಷೆಯ ಓದು: ಸಣ್ಣ ಉದ್ಯಮಿಗೆ ಏಕೆ ಬೇಕು, ಹೇಗೆ ಕಲಿಯಬೇಕು?

ಖರೀದಿ ಆದೇಶ ಕೈಸೇರಿದೊಡನೆ ಸಣ್ಣ ಕೈಗಾರಿಕೆಯ ಮಾಲೀಕರ ದೃಷ್ಟಿ ಹರಿಯುವುದು ದರ, ಪ್ರಮಾಣ ಮತ್ತು ಪಾವತಿಯ ಅವಧಿಯತ್ತ. ಆದೇಶಕ್ಕೆ ಲಗತ್ತಿಸಿದ ನಕ್ಷೆ, ಅಂದರೆ ಕಾರ್ಯಾಗಾರದಲ್ಲಿ ಎಲ್ಲರೂ ಡ್ರಾಯಿಂಗ್ ಎಂದು ಕರೆಯುವ ಹಾಳೆ, ನೇರವಾಗಿ ಫೋರ್‌ಮನ್ ಅವರ ಕೈಗೆ ಹೋಗುತ್ತದೆ. ಆದರೆ ಸರಕು ತಿರಸ್ಕೃತವಾದಾಗ ಡೆಬಿಟ್ ನೋಟ್ ಬಂದು ಬೀಳುವುದು ಮಾಲೀಕರ ಮೇಜಿನ ಮೇಲೆಯೇ. ‘ನಕ್ಷೆಗೆ ಅನುಗುಣವಾಗಿಲ್ಲ’ ಎಂಬ ಒಂದು ಸಾಲಿನ ಕಾರಣ ಸರಿಯೋ ತಪ್ಪೋ ಎಂದು ನಿರ್ಣಯಿಸಲು ಅವರಿಗೆ ನಕ್ಷೆ ಓದಲು ಬರಬೇಕಾಗುತ್ತದೆ. ಮಾಲೀಕರು ನಕ್ಷೆ ಬಿಡಿಸುವುದರಲ್ಲಿ ಪರಿಣತರಾಗಬೇಕಿಲ್ಲ. ಓದುವುದನ್ನು ಮಾತ್ರ ಕಲಿಯಲೇಬೇಕು.

ನಕ್ಷೆಯು ಕರಾರಿನ ಭಾಗ

1930ರ ಸರಕು ಮಾರಾಟ ಅಧಿನಿಯಮದ 15ನೆಯ ಪ್ರಕರಣದಂತೆ, ವಿವರಣೆಯ ಮೇರೆಗೆ ಮಾರಾಟವಾಗುವ ಸರಕು ಆ ವಿವರಣೆಗೆ ಹೊಂದಿಕೆಯಾಗಿರಬೇಕೆಂಬುದು ಸೂಚಿತ ಷರತ್ತು. ‘ಇಂತಹ ಸಂಖ್ಯೆಯ ನಕ್ಷೆಯ ಪ್ರಕಾರ’ ಎಂದು ಆದೇಶದಲ್ಲಿ ಬರೆದಿದ್ದರೆ ನಕ್ಷೆಯೇ ಆ ವಿವರಣೆಯಾಗುತ್ತದೆ.

ಪಾವತಿಯ ಮೇಲೂ ಇದರ ಪರಿಣಾಮವಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಅಧಿನಿಯಮದಂತೆ ಕಿರು ಮತ್ತು ಸಣ್ಣ ಉದ್ದಿಮೆಗೆ ಸಲ್ಲಬೇಕಾದ ಹಣವನ್ನು, ಅವಧಿಯ ಬಗ್ಗೆ ಲಿಖಿತ ಒಪ್ಪಂದವಿದ್ದರೂ, ಸರಕು ಸ್ವೀಕೃತವಾದ ದಿನದಿಂದ 45 ದಿನ ಮೀರದಂತೆ ಕೊಡಬೇಕು. ಆದರೆ ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ, ಆ ಆಕ್ಷೇಪಣೆಯನ್ನು ಪೂರೈಕೆದಾರರು ನಿವಾರಿಸಿದ ದಿನವೇ ಸ್ವೀಕೃತಿಯ ದಿನ. ಅಂದರೆ ನಕ್ಷೆಯ ಒಂದು ಅಳತೆ ತಪ್ಪಿದರೆ ಸರಕಿನ ಜೊತೆಗೆ 45 ದಿನಗಳ ಎಣಿಕೆಯೂ ನಿಂತುಹೋಗುತ್ತದೆ. ದುಡಿಯುವ ಬಂಡವಾಳಕ್ಕೆ ಬಡ್ಡಿ ತೆರುವ ಉದ್ದಿಮೆಗೆ ಇದು ಸಣ್ಣ ವಿಷಯವಲ್ಲ.

ಮೊದಲು ಓದಬೇಕಾದುದು ಶೀರ್ಷಿಕೆ ಚೌಕ

ಹಾಳೆಯ ಕೆಳಗೆ ಬಲಮೂಲೆಯಲ್ಲಿರುವ ಟೈಟಲ್ ಬ್ಲಾಕ್, ಅಂದರೆ ಶೀರ್ಷಿಕೆ ಚೌಕ, ನಕ್ಷೆಯ ಮುಖಪುಟವಿದ್ದಂತೆ. ನಕ್ಷೆಯ ಸಂಖ್ಯೆ, ಪರಿಷ್ಕರಣೆಯ ಸಂಖ್ಯೆ, ಲೋಹದ ದರ್ಜೆ, ಅಳತೆಯ ಮಾನ, ಸಾಮಾನ್ಯ ಟಾಲರೆನ್ಸ್ ಮತ್ತು ಪ್ರೊಜೆಕ್ಷನ್ ಚಿಹ್ನೆ ಅಲ್ಲಿರುತ್ತವೆ. ಆದೇಶದಲ್ಲಿರುವ ಪರಿಷ್ಕರಣೆ ಸಂಖ್ಯೆಯೂ ನಕ್ಷೆಯಲ್ಲಿರುವುದೂ ಒಂದೇ ಆಗಿವೆಯೇ ಎಂದು ತಾಳೆ ನೋಡುವುದು ಮೊದಲ ಕರ್ತವ್ಯ. ಹೊಸ ಪರಿಷ್ಕರಣೆ ಬಂದಾಗ ಹಳೆಯ ಪ್ರತಿಗಳ ಮೇಲೆ ‘ರದ್ದು’ ಎಂಬ ಮೊಹರು ಒತ್ತಿ ಯಂತ್ರಗಳ ಬಳಿಯಿಂದ ಹಿಂಪಡೆಯಬೇಕು.

ಪ್ರೊಜೆಕ್ಷನ್ ಚಿಹ್ನೆಯನ್ನು ಅನೇಕರು ಗಮನಿಸುವುದೇ ಇಲ್ಲ. ಭಾರತದಲ್ಲಿ ಫಸ್ಟ್ ಆ್ಯಂಗಲ್ ಪದ್ಧತಿ ರೂಢಿಯಲ್ಲಿದೆ. ಅಮೆರಿಕದ ನಕ್ಷೆಗಳು ಥರ್ಡ್ ಆ್ಯಂಗಲ್ ಪದ್ಧತಿಯಲ್ಲಿರುತ್ತವೆ. ಮೊದಲನೆಯದರಲ್ಲಿ ಮೇಲಿನಿಂದ ಕಂಡ ನೋಟವನ್ನು ಮುಂಭಾಗದ ನೋಟದ ಕೆಳಗೆ ಬಿಡಿಸಿದರೆ, ಎರಡನೆಯದರಲ್ಲಿ ಮೇಲೆ ಬಿಡಿಸುತ್ತಾರೆ. ಎಡಬಲ ನೋಟಗಳ ಸ್ಥಾನವೂ ಹೀಗೆಯೇ ಅದಲುಬದಲಾಗುತ್ತದೆ. ಒಂದನ್ನು ಇನ್ನೊಂದೆಂದು ಓದಿದರೆ ಎಡಕ್ಕಿರಬೇಕಾದ ರಂಧ್ರ ಬಲಕ್ಕೆ ಬೀಳುತ್ತದೆ. ಪ್ರತಿಯೊಂದು ಅಳತೆಯೂ ಸರಿಯಾಗಿದ್ದು ಇಡೀ ಲಾಟ್ ಗುಜರಿಗೆ ಹೋಗುವುದು ಇಂತಹ ಸಂದರ್ಭದಲ್ಲಿ.

ಟಾಲರೆನ್ಸ್: ದರವನ್ನು ನಿರ್ಧರಿಸುವ ಅಂಕಿ

ಯಾವ ಅಳತೆಯನ್ನೂ ಕರಾರುವಾಕ್ಕಾಗಿ ತಯಾರಿಸಲಾಗದು. ಎಷ್ಟು ವ್ಯತ್ಯಾಸವನ್ನು ಸಹಿಸಬಹುದು ಎಂಬುದೇ ಟಾಲರೆನ್ಸ್. ನಕ್ಷೆಯಲ್ಲಿ ‘ಐಎಸ್‌ಒ 2768 ಎಂ’ ಎಂದಿದ್ದರೆ, ಪ್ರತ್ಯೇಕ ಟಾಲರೆನ್ಸ್ ನಮೂದಿಸದ 100 ಮಿ.ಮೀ. ಉದ್ದದಲ್ಲಿ 0.3 ಮಿ.ಮೀ. ಹೆಚ್ಚುಕಡಿಮೆ ಆಗಬಹುದು. ‘ಎಫ್’ ಎಂದಿದ್ದರೆ ಕೇವಲ 0.15 ಮಿ.ಮೀ.

ಇದಕ್ಕಿಂತ ಸೂಕ್ಷ್ಮವಾದುದು ‘25 ಎಚ್7’ ಎಂಬಂತಹ ನಮೂದು. ಆ ರಂಧ್ರದ ವ್ಯಾಸ 25.000ರಿಂದ 25.021 ಮಿ.ಮೀ. ಒಳಗಿರಬೇಕು ಎಂಬುದು ಇದರ ಅರ್ಥ. ಬರಿಯ ಡ್ರಿಲ್ಲಿಂಗ್‌ನಿಂದ ಇದು ಸಾಧ್ಯವಿಲ್ಲ. ರೀಮಿಂಗ್ ಅಥವಾ ಬೋರಿಂಗ್ ಬೇಕು. 0.02 ಮಿ.ಮೀ. ಕನಿಷ್ಠ ಅಳತೆಯ ಸಾಮಾನ್ಯ ವರ್ನಿಯರ್‌ನಿಂದ 0.021 ಮಿ.ಮೀ. ವ್ಯಾಪ್ತಿಯನ್ನು ಪರಿಶೀಲಿಸಲೂ ಆಗದು. ಪ್ಲಗ್ ಗೇಜ್ ಅಥವಾ ಬೋರ್ ಗೇಜ್ ಕೊಳ್ಳಬೇಕು. ಹೀಗೆ ಒಂದು ಅಕ್ಷರ ಮತ್ತು ಒಂದು ಅಂಕಿಯು ಯಂತ್ರ, ಸಮಯ ಹಾಗೂ ಉಪಕರಣ ಮೂರನ್ನೂ ಬದಲಾಯಿಸುತ್ತವೆ. ಅದನ್ನು ಗಮನಿಸದೆ ಕೊಟ್ಟ ದರ ನಷ್ಟದ ದರವೇ.

ಫ್ಯಾಬ್ರಿಕೇಷನ್ ನಕ್ಷೆಯ ಎರಡು ಎಚ್ಚರಿಕೆಗಳು

ಮೊದಲನೆಯದು ವೆಲ್ಡಿಂಗ್ ಚಿಹ್ನೆ. ಐಎಸ್‌ಒ ಪದ್ಧತಿಯ ನಕ್ಷೆಯಲ್ಲಿ ಫಿಲೆಟ್ ವೆಲ್ಡ್‌ನ ಅಳತೆಯ ಮುಂದೆ ‘ಝಡ್’ ಇದ್ದರೆ ಅದು ಲೋಹಕ್ಕೆ ಅಂಟಿದ ಬದಿಯ ಉದ್ದ. ‘ಎ’ ಇದ್ದರೆ ಬೇರಿನಿಂದ ಮೇಲ್ಮೈವರೆಗಿನ ದಪ್ಪ, ಅಂದರೆ ಥ್ರೋಟ್. ‘ಝಡ್6’ ವೆಲ್ಡ್‌ನ ಅಡ್ಡಕೊಯ್ತ 18 ಚದರ ಮಿ.ಮೀ., ‘ಎ6’ ವೆಲ್ಡ್‌ನದು 36 ಚದರ ಮಿ.ಮೀ. 10 ಮೀಟರ್ ವೆಲ್ಡಿಂಗ್‌ಗೆ ಮೊದಲನೆಯದರಲ್ಲಿ ಸುಮಾರು 1.41 ಕೆ.ಜಿ. ಲೋಹ ತುಂಬಿದರೆ ಎರಡನೆಯದರಲ್ಲಿ 2.83 ಕೆ.ಜಿ. ಬೇಕು. ಎಲೆಕ್ಟ್ರೋಡ್, ವಿದ್ಯುತ್ ಮತ್ತು ಕೂಲಿ ಇದನ್ನೇ ಅನುಸರಿಸಿ ಏರುತ್ತವೆ. ಗಟ್ಟಿಯಾಗಲಿ ಎಂದು ಬೇಕಾದುದಕ್ಕಿಂತ ದಪ್ಪ ವೆಲ್ಡ್ ಮಾಡುವುದೂ ಲಾಭದಾಯಕವಲ್ಲ. ಖರ್ಚಿನ ಜೊತೆಗೆ ಪ್ಲೇಟ್ ಸೊಟ್ಟಗಾಗುತ್ತದೆ.

ಎರಡನೆಯದು ತಗಡಿನ ಬಾಗು. 2 ಮಿ.ಮೀ. ತಗಡಿನಲ್ಲಿ ಹೊರಅಳತೆ 50 ಮಿ.ಮೀ. ಇರುವ ಎರಡು ಬದಿಗಳ ಎಲ್ ಆಕಾರ ಬೇಕಿದ್ದರೆ 100 ಮಿ.ಮೀ. ಪಟ್ಟಿ ಕತ್ತರಿಸುವಂತಿಲ್ಲ. ಒಳಬಾಗಿನ ತ್ರಿಜ್ಯ 2 ಮಿ.ಮೀ. ಆದರೆ ಸುಮಾರು 96.4 ಮಿ.ಮೀ. ಸಾಕು. ಡೈ ಮತ್ತು ಲೋಹಕ್ಕೆ ತಕ್ಕಂತೆ ಇದು ಬದಲಾಗುವುದರಿಂದ ಮೊದಲು ಒಂದು ತುಣುಕನ್ನು ಬಾಗಿಸಿ ಅಳೆದು, ಆ ಅಂಕಿಯನ್ನು ಬರೆದಿಡಬೇಕು.

ನಕ್ಷೆಯಿಂದ ತೂಕ, ತೂಕದಿಂದ ದರ

1 ಚದರ ಮೀಟರ್ ಅಗಲದ, 1 ಮಿ.ಮೀ. ದಪ್ಪದ ಉಕ್ಕಿನ ತಗಡಿನ ತೂಕ 7.85 ಕೆ.ಜಿ. ದುಂಡು ಸರಳಿಗಾದರೆ ಮಿ.ಮೀ.ಗಳಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ದೊರೆಯುತ್ತದೆ.

ಉದಾಹರಣೆಗೆ, 400 × 300 × 10 ಮಿ.ಮೀ. ಬೇಸ್ ಪ್ಲೇಟ್‌ನ ನಿವ್ವಳ ತೂಕ 9.42 ಕೆ.ಜಿ. ಅದನ್ನು 2500 × 1250 × 10 ಮಿ.ಮೀ. ಪ್ಲೇಟ್‌ನಿಂದ ಕತ್ತರಿಸಿದರೆ 24 ತುಂಡುಗಳು ದೊರೆಯುತ್ತವೆ. ಪೂರ್ಣ ಪ್ಲೇಟ್‌ನ ತೂಕ ಸುಮಾರು 245.31 ಕೆ.ಜಿ. ಆದ್ದರಿಂದ ಪ್ರತಿ ತುಂಡಿಗೆ ತಗಲುವ ಉಕ್ಕು 10.22 ಕೆ.ಜಿ. ನಿವ್ವಳ ತೂಕದ ಮೇಲೆ ದರ ಕೊಟ್ಟವರು ತುಂಡೊಂದಕ್ಕೆ 0.8 ಕೆ.ಜಿ. ಉಕ್ಕಿನ ಬೆಲೆಯನ್ನು ಲೆಕ್ಕದಿಂದ ಬಿಟ್ಟಂತೆ. ಗುಜರಿ ಮಾರಿದರೆ ಮರಳುವುದು ಅದರ ಒಂದು ಭಾಗ ಮಾತ್ರ. ಆದೇಶ 100 ತುಂಡುಗಳಿಗಾದರೆ 4 ಪ್ಲೇಟ್‌ಗಳಿಂದ 96 ಮಾತ್ರ ಸಿಗುವುದರಿಂದ ಉಳಿದ 4ಕ್ಕೆ ಐದನೆಯ ಪ್ಲೇಟ್ ಬೇಕಾಗುತ್ತದೆ.

ಜಾಬ್ ವರ್ಕ್ ಮಾಡುವವರಿಗೂ ಈ ಲೆಕ್ಕ ರಕ್ಷಣೆ. ಗ್ರಾಹಕರು 4 ಪ್ಲೇಟ್, ಅಂದರೆ 981.25 ಕೆ.ಜಿ. ಕಳುಹಿಸಿದ್ದು, 96 ತುಂಡುಗಳಾಗಿ 904.32 ಕೆ.ಜಿ. ಮರಳಿದರೆ ವ್ಯತ್ಯಾಸ 76.93 ಕೆ.ಜಿ. ಕತ್ತರಿಸುವಿಕೆಯ ವಿನ್ಯಾಸದ ಒಂದು ರೇಖಾಚಿತ್ರ ಕಡತದಲ್ಲಿದ್ದರೆ ಈ ವ್ಯತ್ಯಾಸಕ್ಕೆ ಗ್ರಾಹಕರ ಮುಂದೆಯೂ ಜಿಎಸ್‌ಟಿ ಅಧಿಕಾರಿಗಳ ಮುಂದೆಯೂ ಸಮಜಾಯಿಷಿ ಸಿದ್ಧವಿರುತ್ತದೆ.

ಕಲಿಯುವ ಬಗೆ

ಕ್ರಮಬದ್ಧ ಶಿಕ್ಷಣ ಬಯಸುವವರಿಗೆ ಐಟಿಐಗಳಲ್ಲಿ ಎರಡು ವರ್ಷಗಳ ಡ್ರಾಫ್ಟ್ಸ್‌ಮನ್ (ಮೆಕ್ಯಾನಿಕಲ್) ತರಬೇತಿಯಿದೆ. 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಇಂದು ರಾಜ್ಯದ ಹಲವು ನಗರಗಳಲ್ಲಿ ಶಾಖೆಗಳನ್ನು ಹೊಂದಿದೆ. ಭಾರತೀಯ ಮಾನಕ ಬ್ಯೂರೋ ಶಾಲಾ ಕಾಲೇಜುಗಳಿಗಾಗಿ ಹೊರತಂದ ಎಸ್‌ಪಿ 46 ಕೈಪಿಡಿ ಉತ್ತಮ ಆಧಾರಗ್ರಂಥ. ಕಾರ್ಖಾನೆ ಬಿಟ್ಟು ಹೋಗಲಾಗದ ಮಾಲೀಕರು ಮತ್ತು ಮೇಲ್ವಿಚಾರಕರು ಕೆಳಗಿನ ಕ್ರಮವನ್ನು ಅನುಸರಿಸಬಹುದು:

1. ತಮ್ಮದೇ ಕಾರ್ಖಾನೆಯ ಒಂದು ಸರಳ ಬಿಡಿಭಾಗವನ್ನು ಮುಂದಿಟ್ಟುಕೊಂಡು ಮುಂಭಾಗ, ಮೇಲ್ಭಾಗ ಮತ್ತು ಪಕ್ಕದ ನೋಟಗಳನ್ನು ಪೆನ್ಸಿಲ್‌ನಿಂದ ಬಿಡಿಸಬೇಕು.
2. ವರ್ನಿಯರ್‌ನಿಂದ ಅಳೆದು ಅಳತೆಗಳನ್ನು ತುಂಬಬೇಕು.
3. ಗ್ರಾಹಕರ ಮೂಲ ನಕ್ಷೆಯೊಂದಿಗೆ ಹೋಲಿಸಿ, ಬಿಟ್ಟುಹೋದುದನ್ನು ಪಟ್ಟಿ ಮಾಡಬೇಕು.
4. ಆ ಭಾಗವನ್ನು ಕಂಡಿರದ ಕೆಲಸಗಾರರಿಗೆ ತಮ್ಮ ನಕ್ಷೆಯನ್ನು ಕೊಡಬೇಕು. ಅವರು ಕೇಳುವ ಪ್ರತಿಯೊಂದು ಪ್ರಶ್ನೆಯೂ ನಕ್ಷೆಯ ಒಂದೊಂದು ಕೊರತೆ.
5. ಇಷ್ಟಾದ ಮೇಲೆ ಕಂಪ್ಯೂಟರ್. ಆಟೋಕ್ಯಾಡ್ ದುಬಾರಿ ಎನಿಸಿದವರಿಗೆ ಲಿಬ್ರೆಕ್ಯಾಡ್ ಮತ್ತು ಫ್ರೀಕ್ಯಾಡ್ ಉಚಿತವಾಗಿ ದೊರೆಯುತ್ತವೆ.

ಕಂಪ್ಯೂಟರ್ ರೇಖೆಯನ್ನು ಅಂದವಾಗಿ ಎಳೆಯಬಲ್ಲದು. ತಪ್ಪು ಅಳತೆಯನ್ನು ತಿದ್ದಲಾರದು. ಲೇಸರ್ ಕಟಿಂಗ್‌ಗೆ ಡಿಎಕ್ಸ್‌ಎಫ್ ಕಡತ ಕಳುಹಿಸುವಾಗ ಮಾನ ಮಿ.ಮೀ.ಯೋ ಇಂಚೋ ಎಂದು ಬರೆದು ತಿಳಿಸಬೇಕು. ತಪ್ಪಿದಲ್ಲಿ ತುಂಡಿನ ಗಾತ್ರ 25.4 ಪಟ್ಟು ವ್ಯತ್ಯಾಸವಾಗುತ್ತದೆ.

ಕಾರ್ಮಿಕರನ್ನೂ ಈ ಕಲಿಕೆಯಲ್ಲಿ ಸೇರಿಸಿಕೊಳ್ಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನುರಿತ ಕೆಲಸಗಾರರು ಇಂಗ್ಲಿಷಿನ ಟಿಪ್ಪಣಿಗಳನ್ನು ಊಹೆಯಿಂದ ಓದುವುದುಂಟು. ಕೇಳಲು ಸಂಕೋಚಪಡುವುದೂ ಉಂಟು. ಚಿಹ್ನೆಗಳನ್ನೂ ಅವುಗಳ ಕನ್ನಡ ಅರ್ಥವನ್ನೂ ಬರೆದ ಒಂದು ಫಲಕವನ್ನು ಯಂತ್ರದ ಪಕ್ಕದಲ್ಲಿ ತೂಗುಹಾಕುವುದಕ್ಕೆ ತಗಲುವ ವೆಚ್ಚ, ತಿರಸ್ಕೃತವಾದ ಒಂದು ಲಾಟ್‌ನ ಸಾಗಣೆ ವೆಚ್ಚಕ್ಕಿಂತಲೂ ಕಡಿಮೆ.

ದರಪಟ್ಟಿಗೆ ಸಹಿ ಹಾಕುವ ಮುನ್ನ

ಪರಿಷ್ಕರಣೆ ಸಂಖ್ಯೆ, ಪ್ರೊಜೆಕ್ಷನ್, ಲೋಹದ ದರ್ಜೆ, ಅತಿ ಬಿಗಿಯಾದ ಟಾಲರೆನ್ಸ್, ಅದನ್ನು ಅಳೆಯುವ ಉಪಕರಣ, ವೆಲ್ಡಿಂಗ್‌ನ ಅಳತೆ, ಒಟ್ಟು ತೂಕ: ಈ ಏಳು ಅಂಶಗಳನ್ನು ಮಾಲೀಕರು ಸ್ವತಃ ಪರಿಶೀಲಿಸಬೇಕು. ಅಸ್ಪಷ್ಟವಾದುದನ್ನು ಗ್ರಾಹಕರಿಗೆ ಪತ್ರ ಅಥವಾ ಇ-ಮೇಲ್ ಮೂಲಕ ಕೇಳಿ, ಬಂದ ಉತ್ತರವನ್ನು ಆದೇಶದ ಕಡತದಲ್ಲಿಯೇ ಇರಿಸಬೇಕು. ದೂರವಾಣಿಯಲ್ಲಿ ಸಿಕ್ಕ ಒಪ್ಪಿಗೆಯು ವಿವಾದದ ದಿನ ನೆರವಿಗೆ ಬರುವುದು ಕಷ್ಟ. ದರ ಕೊಡುವ ಮುನ್ನ ಕೇಳಿದ ಪ್ರಶ್ನೆಗೆ ಖರ್ಚಿಲ್ಲ. ಸರಕು ತಯಾರಾದ ಮೇಲೆ ಏಳುವ ಪ್ರಶ್ನೆಗೆ ಉದ್ಯಮಿಯೇ ಬೆಲೆ ತೆರಬೇಕಾಗುತ್ತದೆ.