‘ತಿಥಿ’ ಚಿತ್ರದಲ್ಲಿ ಒಂದು ಲೆಕ್ಕದ ಪಾಠ

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಪಾಲುದಾರನ ಮರಣದ ಬಗ್ಗೆ ಒಂದು ಅಧ್ಯಾಯ ಇದೆ. ಪಾಲುದಾರ ತೀರಿಕೊಂಡರೆ ಅವನ ಬಂಡವಾಳ, ಲಾಭದಲ್ಲಿ ಅವನ ಪಾಲು, ಗುಡ್‌ವಿಲ್‌ನಲ್ಲಿ ಅವನ ಭಾಗ ಎಲ್ಲವನ್ನೂ ಕೂಡಿಸಬೇಕು. ಅವನು ಮೊದಲೇ ತೆಗೆದುಕೊಂಡ ಹಣವನ್ನು ಕಳೆಯಬೇಕು. ಉಳಿದದ್ದು ಅವನ ವಾರಸುದಾರರಿಗೆ ಸೇರಬೇಕು. ಐದಾರು ನಮೂದುಗಳಲ್ಲಿ ಕೆಲಸ ಮುಗಿಯುತ್ತದೆ. ಎರಡೂ ಕಡೆಯ ಮೊತ್ತ ಸರಿಹೊಂದಿದರೆ ಪೂರ್ತಿ ಅಂಕ.

ಆದರೆ ಮನೆಯಲ್ಲಿ ಒಬ್ಬರು ತೀರಿಕೊಂಡಾಗ ಲೆಕ್ಕ ಇಷ್ಟು ಸುಲಭವಾಗಿ ಸರಿಹೊಂದುವುದಿಲ್ಲ. ಯಾವುದನ್ನು ಮೊದಲು ಬರೆಯಬೇಕು, ಯಾವುದನ್ನು ಕೊನೆಗೆ ಬರೆಯಬೇಕು ಎಂಬುದರಲ್ಲೇ ತಪ್ಪು ಆಗುತ್ತದೆ. ನನಗೆ ಇದನ್ನು ಅರ್ಥ ಮಾಡಿಸಿದ್ದು ಪಠ್ಯಪುಸ್ತಕ ಅಲ್ಲ, ‘ತಿಥಿ’ ಎಂಬ ಕನ್ನಡ ಸಿನಿಮಾ. ಈ ಲೇಖನದಲ್ಲಿ ಆ ಚಿತ್ರದ ಬಗ್ಗೆ, ಅದನ್ನು ಮಾಡಿದವರ ಬಗ್ಗೆ ಮತ್ತು ಅದರಿಂದ ವಾಣಿಜ್ಯ ವಿದ್ಯಾರ್ಥಿಗಳು ಕಲಿಯಬಹುದಾದ ಪಾಠದ ಬಗ್ಗೆ ಬರೆದಿದ್ದೇನೆ.

ಕಥೆ ಏನು?

ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಸೆಂಚುರಿ ಗೌಡ ಎಂಬ 101 ವರ್ಷದ ಅಜ್ಜ ಬೀದಿ ಬದಿಯಲ್ಲಿ ಕುಳಿತು ಹೋಗುವವರನ್ನೆಲ್ಲ ಬಾಯಿಗೆ ಬಂದಂತೆ ಬಯ್ಯುತ್ತಾ ಇರುತ್ತಾನೆ. ಎದ್ದು ನಾಲ್ಕು ಹೆಜ್ಜೆ ಹೋದವನು ಅಲ್ಲೇ ಬಿದ್ದು ಸಾಯುತ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ. ಈ ಹನ್ನೊಂದು ದಿನಗಳಲ್ಲಿ ನಡೆಯುವುದೇ ಸಿನಿಮಾ.

ಅಜ್ಜನ ಮಗ ಗಡ್ಡಪ್ಪ. ಅವನಿಗೆ ಆಸ್ತಿ ಬೇಡ, ಮನೆ ಬೇಡ. ಬೀಡಿ ಸೇದುತ್ತಾ, ಬ್ರಾಂದಿ ಬಾಟಲಿ ಇಟ್ಟುಕೊಂಡು ಹೊಲಗದ್ದೆಯಲ್ಲಿ ಅಲೆಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಮಾತ್ರ ಅಜ್ಜನ ಐದು ಎಕರೆ ಜಮೀನಿನ ಮೇಲೇ ಕಣ್ಣು. ಚಿಕ್ಕಪ್ಪಂದಿರು ಕೇಳುವ ಮೊದಲೇ ಅದನ್ನು ಮಾರಿಬಿಡಬೇಕು ಎಂಬ ಅವಸರ. ಮರಿಮಗ ಅಭಿಗೆ ಕುರಿ ಮೇಯಿಸುವವರ ಹುಡುಗಿ ಕಾವೇರಿಯ ಹಿಂದೆ ಸುತ್ತುವುದೇ ಕೆಲಸ.

ಕಾಗದದ ಪ್ರಕಾರ ಜಮೀನು ತಮ್ಮಣ್ಣನ ಕೈಗೆ ಬರಬೇಕಾದರೆ ನಡುವೆ ಗಡ್ಡಪ್ಪ ಇದ್ದಾನೆ. ಅವನಿಗೆ ಕಚೇರಿ ಸುತ್ತುವ ಮನಸ್ಸಿಲ್ಲ. ಆಗ ತಮ್ಮಣ್ಣ ಒಂದು ಉಪಾಯ ಮಾಡುತ್ತಾನೆ. ಅಪ್ಪನ ಕೈಗೆ ಹಣ ಕೊಟ್ಟು ಊರು ನೋಡಿಕೊಂಡು ಬಾ ಎಂದು ದೂರ ಕಳಿಸುತ್ತಾನೆ. ಈ ಕಡೆ ಬದುಕಿರುವ ಅಪ್ಪನ ಹೆಸರಿನಲ್ಲಿ ಸುಳ್ಳು ಮರಣ ಪ್ರಮಾಣಪತ್ರ ಮಾಡಿಸುತ್ತಾನೆ. ಇದಕ್ಕೆಲ್ಲ ಹಣ ಬೇಕಲ್ಲ, ಬಡ್ಡಿಗೆ ಹಣ ಕೊಡುವ ಕಮಲಕ್ಕನ ಹತ್ತಿರ ಸಾಲ ಮಾಡುತ್ತಾನೆ. ಗಡ್ಡಪ್ಪ ದೂರ ಹೋಗದೆ ಕುರಿಗಾಹಿಗಳ ಜೊತೆ ಸೇರಿಕೊಳ್ಳುತ್ತಾನೆ. ಕೊನೆಗೆ ಏನಾಯಿತು ಎಂದು ನಾನು ಹೇಳುವುದಿಲ್ಲ, ನೋಡಿಯೇ ತಿಳಿಯಬೇಕು.

ಚಿತ್ರದಲ್ಲಿ ಬೈಗುಳ ಇದೆ, ಕುಡಿತ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಹೊಗಳಲು ತೋರಿಸಿಲ್ಲ, ಇರುವುದನ್ನು ಇರುವ ಹಾಗೆ ತೋರಿಸಿದ್ದಾರೆ.

ಮಾಡಿದವರು ಯಾರು?

ನಿರ್ದೇಶಕ ರಾಮ್ ರೆಡ್ಡಿ. ಇದು ಅವರ ಮೊದಲ ಪೂರ್ಣ ಪ್ರಮಾಣದ ಚಿತ್ರ. ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಅವರು ಓದಿದ್ದು ಅರ್ಥಶಾಸ್ತ್ರ, ಅಂದರೆ ನಮ್ಮದೇ ವಿಷಯ. ಆಮೇಲೆ ಯೂರೋಪಿನ ಪ್ರಾಗ್ ನಗರದಲ್ಲಿ ಸಿನಿಮಾ ಕಲಿತರು. ಕಥೆಯನ್ನು ಅವರ ಜೊತೆ ಬರೆದವರು ಈರೇಗೌಡ. ಅವರ ಊರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು. ಆ ಊರಿನ ಜನರನ್ನು ನೋಡಿ, ಅವರ ಜೊತೆ ಓಡಾಡಿ ಪಾತ್ರಗಳನ್ನು ಕಟ್ಟಿದರು. ಮೊದಲು ಕಥೆ ಬರೆದು ಆಮೇಲೆ ನಟರನ್ನು ಹುಡುಕಲಿಲ್ಲ. ಜನರನ್ನು ನೋಡಿ ಅವರಿಗೆ ತಕ್ಕ ಕಥೆ ಬರೆದರು.

ಆದ್ದರಿಂದ ಚಿತ್ರದಲ್ಲಿ ಹೆಸರಾಂತ ನಟರು ಇಲ್ಲ. ಸೆಂಚುರಿ ಗೌಡನಾಗಿ ಸಿಂಗ್ರಿಗೌಡ, ಗಡ್ಡಪ್ಪನಾಗಿ ಚನ್ನೇಗೌಡ, ತಮ್ಮಣ್ಣನಾಗಿ ತಮ್ಮೇಗೌಡ, ಅಭಿಯಾಗಿ ಅಭಿಷೇಕ್, ಕಾವೇರಿಯಾಗಿ ಪೂಜಾ ನಟಿಸಿದ್ದಾರೆ. ಇವರಲ್ಲಿ ಯಾರೂ ನಟನೆಯನ್ನು ಕಸುಬು ಮಾಡಿಕೊಂಡವರಲ್ಲ. ಕ್ಯಾಮೆರಾ ಹಿಡಿದವರು ಡೊರಾನ್ ಟೆಂಪರ್ಟ್ ಎಂಬ ವಿದೇಶಿ. ಧ್ವನಿಯ ಕೆಲಸ ಕೇರಳದ ನಿತಿನ್ ಲೂಕೋಸ್ ಅವರದು. ಮಾತುಗಳನ್ನು ಸ್ಟುಡಿಯೋದಲ್ಲಿ ಮತ್ತೆ ಹೇಳಿಸದೆ ಚಿತ್ರೀಕರಣ ಆದ ಜಾಗದಲ್ಲೇ ಹಿಡಿದಿದ್ದಾರೆ. ಹಾಗಾಗಿ ಆಡಿದ ಮಾತಿನ ಜೊತೆಗೆ ಊರಿನ ಸದ್ದೂ ಕಿವಿಗೆ ಬೀಳುತ್ತದೆ.

ಈ ಮಾತು ನಮಗೆ ಹೊಸದಲ್ಲ. ತಲಕಾಡಿನಿಂದ ಮಳವಳ್ಳಿ ಕಡೆ ಹೊರಟರೆ ಸ್ವಲ್ಪ ಹೊತ್ತಿಗೆ ಮಂಡ್ಯ ಜಿಲ್ಲೆ ಶುರುವಾಗುತ್ತದೆ. ನನಗೆ ಮನೆಯಲ್ಲಿ ಉರ್ದು, ಬೀದಿಯಲ್ಲಿ ಇದೇ ಕನ್ನಡ. ಶಾಲೆಯಲ್ಲಿ ‘ಶುದ್ಧ ಕನ್ನಡ ಅಲ್ಲ’ ಎಂದು ತಿದ್ದಿಸಿಕೊಂಡಿದ್ದ ಮಾತು ದೊಡ್ಡ ಪ್ರಶಸ್ತಿ ಪಡೆದ ಚಿತ್ರದಲ್ಲಿ ಕೇಳಿದಾಗ ನನಗೆ ಖುಷಿಯಾಯಿತು.

2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ‘ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್’ ವಿಭಾಗದ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಮತ್ತು ಅತ್ಯುತ್ತಮ ಮೊದಲ ಚಿತ್ರ ಪ್ರಶಸ್ತಿ, ಎರಡೂ ‘ತಿಥಿ’ಗೆ ಬಂದವು. 63ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಎಂದು ಆಯ್ಕೆಯಾಯಿತು. 2016ರ ಮೇ ತಿಂಗಳಲ್ಲಿ ಕರ್ನಾಟಕದ ಚಿತ್ರಮಂದಿರಗಳಿಗೆ ಬಂದಿತು. ರಾಮ್ ರೆಡ್ಡಿಯವರ ಎರಡನೇ ಚಿತ್ರ, ಮನೋಜ್ ಬಾಜಪೇಯಿ ನಟಿಸಿದ ‘ದಿ ಫೇಬಲ್’, ಬರ್ಲಿನ್ ಚಿತ್ರೋತ್ಸವದಲ್ಲಿ ತೆರೆ ಕಂಡಿದ್ದು 2024ರಲ್ಲಿ. ಬಂಡವಾಳ ಎಂದರೆ ಹಣ ಮಾತ್ರ ಎಂದು ನಾವು ತಿಳಿದುಕೊಂಡಿದ್ದೇವೆ. ಸಮಯ, ತಾಳ್ಮೆ, ಊರಿನ ಜನರ ನಂಬಿಕೆ ಕೂಡ ಬಂಡವಾಳವೇ ಎಂದು ಈ ಚಿತ್ರ ತೋರಿಸುತ್ತದೆ.

ಲೆಕ್ಕ ಎಲ್ಲಿ ತಪ್ಪಿತು?

ಈಗ ಪಾಠಕ್ಕೆ ಬರೋಣ. ಸೆಂಚುರಿ ಗೌಡ ಸತ್ತ ದಿನ ಮೂರು ಖಾತೆಗಳು ತೆರೆಯುತ್ತವೆ. ಒಂದು ಊಟದ ಖಾತೆ: ಬಾಡೂಟ, ಪೆಂಡಾಲು, ಕರೆಯೋಲೆ. ಎರಡನೆಯದು ಜಮೀನಿನ ಖಾತೆ. ಮೂರನೆಯದು ಮನುಷ್ಯರ ಖಾತೆ, ಅಂದರೆ ಯಾರಿಗೆ ಏನು ಕೊಡಬೇಕು, ಯಾರನ್ನು ಏನು ಕೇಳಬೇಕು ಎಂಬುದು. ಊಟದ ಖಾತೆಗೆ ತಾರೀಖು ಗೊತ್ತಾಗಿದೆ, ಊರೆಲ್ಲ ನೋಡುತ್ತಿದೆ. ಆದ್ದರಿಂದ ಅದು ಹೇಗಾದರೂ ನಡೆದೇ ನಡೆಯುತ್ತದೆ. ಮನುಷ್ಯರ ಖಾತೆಗೆ ತಾರೀಖೂ ಇಲ್ಲ, ನೋಡುವವರೂ ಇಲ್ಲ. ತಮ್ಮಣ್ಣ ಅದನ್ನು ತೆರೆಯುವುದೇ ಇಲ್ಲ.

ಜಮೀನಿನ ಯಜಮಾನ ತೀರಿಕೊಂಡರೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಇಟ್ಟುಕೊಂಡು ಅರ್ಜಿ ಕೊಡಬೇಕು. ತಕರಾರು ಇರುವವರು ಹೇಳಲಿ ಎಂದು ನೋಟಿಸ್ ಹೊರಡಿಸುತ್ತಾರೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮರಣವನ್ನು 21 ದಿನಗಳೊಳಗೆ ತಿಳಿಸಬೇಕು. ಇಷ್ಟೆಲ್ಲ ನಿಂತಿರುವುದು ಮೊದಲ ಕಾಗದ ನಿಜ ಎಂಬ ನಂಬಿಕೆಯ ಮೇಲೆ.

ಟ್ರಯಲ್ ಬ್ಯಾಲೆನ್ಸ್ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ನಿಜ ಎಂದು ಹೇಳಲಾಗದು ಎಂದು ಪ್ರಥಮ ಪಿಯುಸಿಯಲ್ಲೇ ಓದಿದ್ದೇವೆ. ಒಂದು ಸುಳ್ಳು ಮೊತ್ತವನ್ನು ಡೆಬಿಟ್‌ನಲ್ಲೂ ಕ್ರೆಡಿಟ್‌ನಲ್ಲೂ ಬರೆದರೆ ಪಟ್ಟಿ ಸರಿಯಾಗಿಯೇ ಕಾಣುತ್ತದೆ. ತಮ್ಮಣ್ಣ ಮಾಡಿದ್ದು ಅದೇ. ಅಪ್ಪ ಸತ್ತ ಎಂಬ ಒಂದು ಸುಳ್ಳು ನಮೂದಿನಿಂದ ಮುಂದಿನ ಕಾಗದಗಳೆಲ್ಲ ಅಚ್ಚುಕಟ್ಟಾಗಿ ಕಾಣುತ್ತವೆ. ತಪ್ಪು ಒಂದೇ: ಸತ್ತ ಎಂದು ಬರೆದ ಮನುಷ್ಯ ನಡೆದಾಡುತ್ತಿದ್ದಾನೆ.

ಯಾವುದು ಮೊದಲು?

ಪಾಲುದಾರಿಕೆ ಸಂಸ್ಥೆ ಮುಚ್ಚಿದಾಗ ಹೊರಗಿನವರ ಸಾಲ ಮೊದಲು, ಪಾಲುದಾರರು ಕೊಟ್ಟ ಸಾಲ ಆಮೇಲೆ, ಬಂಡವಾಳ ಅದಾದ ಮೇಲೆ, ಉಳಿದರೆ ಮಾತ್ರ ಹಂಚಿಕೆ. ನಮ್ಮ ಧರ್ಮದ ವಾರಸಿನ ನಿಯಮಕ್ಕೂ ಇಂಥದೇ ಕ್ರಮ ಇದೆ. ಮೊದಲು ಕಫನ್ ದಫನ್ ಖರ್ಚು, ಆಮೇಲೆ ಸಾಲ, ಆಮೇಲೆ ವಸೀಯತ್ ಇದ್ದರೆ ಮೂರನೇ ಒಂದು ಭಾಗದೊಳಗೆ, ಕೊನೆಗೆ ವಾರಸುದಾರರ ಪಾಲು. ಕುರ್‌ಆನ್‌ನ ಸೂರಾ ಅನ್ನಿಸಾದ 11 ಮತ್ತು 12ನೇ ಆಯತ್‌ಗಳಲ್ಲಿ ಪಾಲುಗಳನ್ನು ಹೇಳಿ, ಇವು ವಸೀಯತ್ ಮತ್ತು ಸಾಲ ತೀರಿದ ನಂತರ ಎಂದು ಸ್ಪಷ್ಟಪಡಿಸಲಾಗಿದೆ.

ಉದಾಹರಣೆಗೆ ಒಬ್ಬರು ಬಿಟ್ಟುಹೋದ ಆಸ್ತಿ 9,00,000 ರೂಪಾಯಿ ಎಂದುಕೊಳ್ಳಿ. ಅಂತ್ಯಕ್ರಿಯೆಗೆ 20,000, ಸಾಲ 80,000 ಕಳೆದರೆ ಉಳಿಯುವುದು 8,00,000. ತಂದೆತಾಯಿ ಇಲ್ಲ, ವಸೀಯತ್ ಇಲ್ಲ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಹೆಂಡತಿಗೆ ಎಂಟನೇ ಒಂದು ಭಾಗ, 1,00,000. ಉಳಿದ 7,00,000ದಲ್ಲಿ ಮಗನಿಗೆ ಎರಡು ಪಾಲು, ಹೆಣ್ಣುಮಕ್ಕಳಿಗೆ ಒಂದೊಂದು ಪಾಲು. ಮಗನಿಗೆ 3,50,000, ಹೆಣ್ಣುಮಕ್ಕಳಿಗೆ ತಲಾ 1,75,000. ಇದೇ ಆಸ್ತಿ ಹಿಂದೂ ಕುಟುಂಬದ ಸ್ವಯಾರ್ಜಿತ ಆಸ್ತಿ ಆಗಿದ್ದು ವಿಲ್ ಇಲ್ಲದಿದ್ದರೆ ನಾಲ್ವರಿಗೂ ತಲಾ 2,00,000. ಪಿತ್ರಾರ್ಜಿತ ಆಸ್ತಿಯಲ್ಲೂ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ ಬಂದಿತು. ಪಾಲಿನ ಅಳತೆ ಬೇರೆ ಬೇರೆ ಇರಬಹುದು. ಆದರೆ ಎರಡರಲ್ಲೂ ಸಾಲ ಮೊದಲು, ಎರಡರಲ್ಲೂ ಹೆಣ್ಣುಮಕ್ಕಳಿಗೆ ಪಾಲು ಇದೆ. ಎರಡರಲ್ಲೂ ಪಟ್ಟಿಯ ಮೊದಲ ಸಾಲಿನಲ್ಲಿ ಊರೂಟ ಇಲ್ಲ.

ಊಟದ ವಿಷಯದಲ್ಲೂ ನಮಗೆ ಒಂದು ಮಾದರಿ ಇದೆ. ಮೂತಾ ಯುದ್ಧದಲ್ಲಿ ಜಾಫರ್ ಬಿನ್ ಅಬೀ ತಾಲಿಬ್ ಹುತಾತ್ಮರಾದಾಗ, ಅವರ ಮನೆಯವರಿಗಾಗಿ ಅಡುಗೆ ಮಾಡಿ ಎಂದು ಪ್ರವಾದಿಯವರು (ಸ.ಅ.) ಬೇರೆಯವರಿಗೆ ಹೇಳಿದರು. ಅಂದರೆ ದುಃಖದಲ್ಲಿರುವ ಮನೆಗೆ ನೆರೆಹೊರೆಯವರು ಊಟ ಕೊಡಬೇಕು. ನಾವು ಅದನ್ನು ತಿರುಗಿಸಿಬಿಟ್ಟಿದ್ದೇವೆ.

ನಮ್ಮ ಮನೆಯ ಪುಟ

ತಮ್ಮಣ್ಣನನ್ನು ನೋಡಿ ನಗುವುದು ಸುಲಭ. ನಾನೂ ನಕ್ಕೆ. ಜೊತೆಗೆ ಕುಳಿತು ನೋಡುತ್ತಿದ್ದ ದಾದಿ ಸೆಂಚುರಿ ಗೌಡನ ಬೈಗುಳಕ್ಕೆ ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಸುಮ್ಮನಾದರು.

ನಮ್ಮ ದಾದಾ ತೀರಿಕೊಂಡು ಮೂರು ವರ್ಷ ಆಯಿತು. ಜಿಯಾರತ್, ಚಾಲೀಸ್ವಾಂ ಎರಡಕ್ಕೂ ಊಟ ಹಾಕಿಸಿದೆವು. ಚಾಲೀಸ್ವಾಂ ಮಾಡಬೇಕೋ ಬೇಡವೋ ಎಂಬುದು ಆಲಿಮ್‌ಗಳು ಹೇಳಬೇಕಾದ ಮಾತು, ನನ್ನದಲ್ಲ. ನಾನು ಹೇಳುವುದು ಲೆಕ್ಕ ಮಾತ್ರ. ಆ ಊಟಕ್ಕೆ ಅಬ್ಬಾ 40,000 ರೂಪಾಯಿ ಬಡ್ಡಿಗೆ ತಂದರು. ತೀರಿಸಲು ಹದಿನಾಲ್ಕು ತಿಂಗಳು ಬೇಕಾಯಿತು. ಬಿರಿಯಾನಿ ಚೆನ್ನಾಗಿತ್ತು ಎಂದು ಜನ ಈಗಲೂ ಹೇಳುತ್ತಾರೆ. ದಾದಾ ಕಟ್ಟಿಸಿದ ಮನೆಯ ಖಾತೆ ಮಾತ್ರ ಇನ್ನೂ ದಾದಾನ ಹೆಸರಿನಲ್ಲೇ ಇದೆ. ಅದನ್ನು ಬದಲಾಯಿಸಲು ಫುಫಿ ಒಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಸಾಕು ಎಂದು ಮನೆಯಲ್ಲಿ ಮಾತಾಗಿತ್ತು. ಫುಫಿ ‘ಭಾಯಿಜಾನ್ ಹೇಳಿದರೆ ಹಾಕುತ್ತೇನೆ’ ಎಂದಿದ್ದರು.

ಸಿನಿಮಾ ಮುಗಿದ ಮೇಲೆ ದಾದಿ ಕೇಳಿದರು: ‘ಆ ಮಗ ಅಪ್ಪನನ್ನು ಸತ್ತ ಎಂದು ಬರೆಸಿದ. ನಾವು ನಿನ್ನ ಫುಫಿಯನ್ನು ಏನೆಂದು ಬರೆಸುತ್ತಿದ್ದೇವೆ?’

ನನಗೆ ಉತ್ತರ ಗೊತ್ತಿರಲಿಲ್ಲ. ನಾವು ಸುಳ್ಳು ಕಾಗದ ಮಾಡಿಸಿಲ್ಲ. ಆದರೆ ಬದುಕಿರುವ ವಾರಸುದಾರರನ್ನು ಲೆಕ್ಕದಿಂದ ಬಿಡುವುದಕ್ಕೆ ಸುಳ್ಳು ಕಾಗದವೇ ಬೇಕೆಂದಿಲ್ಲ, ಸಂಕೋಚ ಸಾಕು. ಕೇಳದವರಿಗೆ ಪಾಲು ಬೇಡ ಎಂದು ನಾವೇ ಬರೆದುಕೊಂಡಿರುತ್ತೇವೆ. ಮನಸ್ಸಿನಿಂದ ಬಿಟ್ಟುಕೊಡುವುದು ಅವರ ಇಷ್ಟ. ಆದರೆ ಎಷ್ಟು ಬಿಟ್ಟುಕೊಡುತ್ತಿದ್ದೇವೆ ಎಂದು ಅವರಿಗೆ ಮೊದಲು ತಿಳಿದಿರಬೇಕು.

ಮರುದಿನ ಅಬ್ಬಾಗೆ ಹೇಳಿದೆ: ‘ಅಬ್ಬಾ, ಪರೀಕ್ಷೆಗೆ ಅಭ್ಯಾಸ ಆಗುತ್ತೆ, ಮನೆಯ ಲೆಕ್ಕ ಬರೆಯಲಾ?’ ಅಬ್ಬಾ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ‘ಬರಿ, ದಾದಿಯದನ್ನೂ ಸೇರಿಸು’ ಎಂದರು. ಒಂದು ಪುಟದಲ್ಲಿ ಬರೆದುಕೊಟ್ಟೆ. ದಾದಿಯ ಪಾಲು, ಅಬ್ಬಾನ ಪಾಲು, ಫುಫಿಯ ಪಾಲು. ಆ ಪುಟ ಈಗ ಅಬ್ಬಾನ ಬೀರುವಿನಲ್ಲಿದೆ. ಈದ್‌ಗೆ ಫುಫಿ ಬಂದಾಗ ತೋರಿಸುತ್ತೇನೆ ಎಂದಿದ್ದಾರೆ. ಈ ಲೇಖನ ಬರೆಯಲು ಅನುಮತಿ ಕೊಟ್ಟವರೂ ಅವರೇ.

ನಮ್ಮೂರಿಗೆ ಅಂಟಿಕೊಂಡಿರುವ ಅಲಮೇಲಮ್ಮನ ಶಾಪದ ಕಥೆಯಲ್ಲೂ ಒಬ್ಬ ಹೆಣ್ಣುಮಗಳ ಒಡವೆಯ ಮೇಲೆ ಬೇರೆಯವರು ಹಕ್ಕು ಕೇಳಿದ ಸಂಗತಿ ಇದೆ. ನಮ್ಮ ಮರಳು ಗುಡ್ಡಗಳಿಗೆ ಅದೇ ಕಾರಣ ಎಂದು ಹಿರಿಯರು ಹೇಳುತ್ತಾರೆ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕೊಡಬೇಕಾದದ್ದನ್ನು ಕೊಡದಿದ್ದರೆ ಲೆಕ್ಕ ತುಂಬಾ ದಿನ ಉಳಿಯುತ್ತದೆ ಎಂಬುದನ್ನಂತೂ ನಂಬಬಹುದು.

ಚಿತ್ರ ನೋಡಿದ ಮೇಲೆ ಯೋಚಿಸಲು

1. ತಮ್ಮಣ್ಣ ಮಾಡಿದ ಸಾಲ ಆಸ್ತಿ ಗಳಿಸಲು ಮಾಡಿದ್ದೋ, ಮರ್ಯಾದೆ ಉಳಿಸಲು ಮಾಡಿದ್ದೋ? ಎರಡನ್ನೂ ಬೇರೆ ಬೇರೆ ಬರೆಯಿರಿ.

2. ಗಡ್ಡಪ್ಪನಿಗೆ ಆಸ್ತಿ ಬೇಡ. ಹಾಗಿದ್ದರೂ ಅವನನ್ನು ಕೇಳದೆ ಮಾರಲು ಹೊರಟದ್ದು ತಪ್ಪೇ? ಏಕೆ?

3. ಹೆಸರಾಂತ ನಟರಿಲ್ಲದ ಈ ಚಿತ್ರದ ನಿಜವಾದ ಬಂಡವಾಳ ಯಾವುದು?

4. ಇಂದು ಮನೆಗೆ ಹೋಗಿ ಕೇಳಿ: ನಾವಿರುವ ಮನೆ ಅಥವಾ ಜಮೀನಿನ ಖಾತೆ ಯಾರ ಹೆಸರಿನಲ್ಲಿದೆ? ಅವರು ಬದುಕಿದ್ದಾರೆಯೇ? ಅದರಲ್ಲಿ ಪಾಲು ಇದ್ದೂ ಇದುವರೆಗೆ ಯಾರೂ ಕೇಳದೆ ಬಿಟ್ಟವರು ಯಾರು?